ಇಳಿಜಾರಿನಲ್ಲಿ ನಿಲ್ಲುತ್ತಿದ್ದ ಕಾರು

ಅವರ ಬಲಗೈ ಎಡಗೈಗಿಂತ ಹೆಚ್ಚು ಕಪ್ಪು. ಇಪ್ಪತ್ತು ವರ್ಷ ಅಂಬಾಸಡರ್ ಕಾರಿನ ಕಿಟಕಿಯ ಮೇಲೆ ಮೊಣಕೈ ಊರಿ ಬಿಸಿಲು ತಿಂದ ಕೈ ಅದು. ಗಂಗೊಳ್ಳಿಯ ನಮ್ಮ ಕೇರಿಯಲ್ಲಿ ಇದ್ದದ್ದು ಅವರದೊಂದೇ ಬಾಡಿಗೆ ಕಾರು. ನಮಗೆಲ್ಲ ಅವರು ಡ್ರೈವರಣ್ಣ.

ಕಾರನ್ನು ಅವರು ಯಾವಾಗಲೂ ಮನೆಯೆದುರಿನ ಇಳಿಜಾರಿನಲ್ಲೇ ನಿಲ್ಲಿಸುತ್ತಿದ್ದರು, ಮೂತಿ ರಸ್ತೆಯ ಕಡೆಗೆ. ಬ್ಯಾಟರಿ ಹಳತು. ರಾತ್ರಿ ಯಾರು ಬಾಗಿಲು ಬಡಿದರೂ ಬ್ರೇಕ್ ಬಿಟ್ಟರಾಯಿತು, ಗಾಡಿ ತಾನೇ ಉರುಳಿ ಸ್ಟಾರ್ಟ್ ಆಗುತ್ತಿತ್ತು. ಹಿಂದಿನ ಸೀಟಿನ ಮೂಲೆಯಲ್ಲಿ ಒಗೆದು ಮಡಚಿದ ಹಳೆಯ ಸೀರೆಯೊಂದು ಇರುತ್ತಿತ್ತು, ಹೆರಿಗೆಗೆ ಹೋಗುವವರಿಗೆಂದು. "ಕರ್ದ್ರೆ ಎದ್ದ್ ಹೋಯ್ಕ್. ಅಲ್ದಿರೆ ಕಾರ್ ಇಟ್ಕಂಡ್ ಎಂತ ಪ್ರಯೋಜ್ನ?" ಎನ್ನುತ್ತಿದ್ದರು. ಕರೆದಾಗ ಬರುವ ಮನುಷ್ಯ ಎಂಬ ಹೆಸರೇ ಅವರ ಆಸ್ತಿ. ಆ ಹೆಸರನ್ನು ಹಾಳು ಮಾಡಿದವನು ನಾನು.

ಎರಡು ಸಾವಿರದ ಐದರ ಆಸುಪಾಸು. ಮುಂಬೈಯಲ್ಲಿದ್ದ ಭಾವ ಒಂದು ಡಿಜಿಟಲ್ ಕ್ಯಾಮರಾ ತಂದುಕೊಟ್ಟಿದ್ದರು. ಮಂಗನ ಕೈಗೆ ಮಾಣಿಕ್ಯ ಸಿಕ್ಕಿತು. ರೀಲು ಮುಗಿಯುವ ಭಯವಿಲ್ಲ, ತೆಗೆದದ್ದೇ ತೆಗೆದದ್ದು. ರಾತ್ರಿ ಹೊತ್ತು ನಿಂತ ಕಾರಿನ ಫೋಟೋ ತೆಗೆಯುವ ಹುಚ್ಚು ನನಗೆ ಯಾವುದೋ ಪತ್ರಿಕೆ ನೋಡಿ ಹತ್ತಿತ್ತು. ಹಿಂದೆ ಹೊಳೆ, ಹೊಳೆಯಲ್ಲಿ ದೋಣಿಗಳ ದೀಪ, ಮುಂದೆ ಅಂಬಾಸಡರ್. ಅದಕ್ಕೆ ಕಾರು ಹೊಳೆಬದಿಯ ಮರಳಿಗೆ ಇಳಿಯಬೇಕಿತ್ತು.

ಡ್ರೈವರಣ್ಣ ಮೊದಲು ಒಪ್ಪಲಿಲ್ಲ. ಅಲ್ಲಿ ಇಳಿಜಾರಿಲ್ಲ ಎಂದರು. ನಾಲ್ಕು ದಿನ ಬೆನ್ನು ಬಿಡದೆ ಕಾಡಿದೆ. ಐದನೆಯ ದಿನ ಊಟ ಮುಗಿಸಿ ಬಂದು, "ಬಾ ಮಾಣಿ, ಒಂದ್ ಹತ್ತ್ ನಿಮಿಷ," ಎಂದರು.

ನಾನು ಮೀನಿನ ಕ್ರೇಟೊಂದನ್ನು ಬೋರಲು ಹಾಕಿ ಅದರ ಮೇಲೆ ಕ್ಯಾಮರಾ ಇಟ್ಟೆ. ಇಂಜಿನ್ ಓಡುತ್ತಿದ್ದರೆ ಕಾರು ನಡುಗಿ ಚಿತ್ರ ಕೆಡುತ್ತಿತ್ತು. ಹಾಗಾಗಿ ಇಂಜಿನ್ ನಿಲ್ಲಿಸಿ ಹೆಡ್‌ಲೈಟ್ ಮಾತ್ರ ಹಾಕಿಸಿದೆ. ಒಂದೊಂದು ಚಿತ್ರಕ್ಕೂ ಹದಿನೈದು ಸೆಕೆಂಡು. ತೆಗೆಯುವುದು, ಪುಟ್ಟ ಪರದೆಯಲ್ಲಿ ನೋಡುವುದು, ಮತ್ತೆ ತೆಗೆಯುವುದು. ಹತ್ತು ನಿಮಿಷ ಎಂದದ್ದು ಮುಕ್ಕಾಲು ಗಂಟೆಯಾಯಿತು. ಲೈಟು ಆರಿಸಲಾ ಎಂದು ಅವರು ಎರಡು ಸಲ ಕೇಳಿದರು. ಎರಡು ಸಲವೂ ಬೇಡ, ಇನ್ನೊಂದೇ ಒಂದು, ಎಂದೆ.

ಆಗ ಮೇಲಿನ ಮನೆಯ ಮೀನುಗಾರ ಓಡಿ ಬಂದ. ಅವನ ಹೆಂಡತಿಗೆ ನೋವು ಶುರುವಾಗಿತ್ತು. ಡ್ರೈವರಣ್ಣ ಹಾರಿ ಕೂತು ಕೀಲಿ ತಿರುಗಿಸಿದರು. ಟಕ್ ಎಂದಿತು, ಅಷ್ಟೇ. ನಾಲ್ಕಾರು ಜನ ಸೇರಿ ದೂಡಿದೆವು. ದೂಡಿದಷ್ಟೂ ಚಕ್ರ ಮರಳಿನಲ್ಲಿ ಹೂತಿತು. ಕೊನೆಗೆ ಐಸ್ ಸಾಗಿಸುವ ಟೆಂಪೋದಲ್ಲಿ, ಒದ್ದೆ ಹಲಗೆಯ ಮೇಲೆ ಆ ಹೆಣ್ಣುಮಗಳನ್ನು ಮಲಗಿಸಿ ಕುಂದಾಪುರಕ್ಕೆ ಒಯ್ದರು. ಸೀಟಿನಲ್ಲಿದ್ದ ಸೀರೆಯನ್ನು ಡ್ರೈವರಣ್ಣ ಓಡಿ ಹೋಗಿ ಅವಳಿಗೆ ಹೊದೆಸಿದರು. ದೇವರ ದಯೆ, ತಾಯಿ ಮಗು ಇಬ್ಬರೂ ಉಳಿದರು.

ಬೆಳಿಗ್ಗೆ ಅವಳ ಅತ್ತೆ ನಾಲ್ಕು ಜನರನ್ನು ಕಟ್ಟಿಕೊಂಡು ಬಂದರು. ಆ ಕ್ಯಾಮರಾದವ ಎಲ್ಲಿ ಎಂದು ಕೇಳಿದರು. ನಾನು ಡ್ರೈವರಣ್ಣನ ಜಗಲಿಯಲ್ಲೇ ನಿಂತಿದ್ದೆ. ನನಗೆ ಇಪ್ಪತ್ನಾಲ್ಕು ವರ್ಷ, ಏನೂ ತಿಳಿಯದ ಮಗುವಲ್ಲ. ಡ್ರೈವರಣ್ಣ ಮೆಟ್ಟಿಲಿಳಿದು ನನ್ನ ಮುಂದೆ ಬಂದು ನಿಂತರು.

"ಫೋಟೋ ತೆಗ್ದ್ ಆಗಿತ್ತ್. ಲೈಟ್ ಆರ್ಸುಕೆ ನಾನೇ ಮರ್ತೆ. ಮಾಣಿದ್ ಎಂತ ತಪ್ಪಿಲ್ಲ."

ಇಲ್ಲ ಎನ್ನಲು ನನಗೆ ಒಂದೇ ಮಾತು ಸಾಕಿತ್ತು. ಬಾಯಲ್ಲಿ ಅವಲಕ್ಕಿ ತುಂಬಿಕೊಂಡವನಂತೆ ನಿಂತೆ. ಅವರು ಅಷ್ಟೂ ಬೈಗುಳ ತಿಂದು, ತಲೆ ತಗ್ಗಿಸಿ ಒಳಗೆ ಹೋದರು. ಆಮೇಲೆ ನನಗೊಂದು ಮಾತೂ ಅನ್ನಲಿಲ್ಲ. ವಾರ ಕಳೆದು, ಕಾರು ಲಾಯ್ಕಾಗಿ ಬಂದಿದೆಯಂತಲ್ಲ, ನನಗೂ ಒಂದು ಫೋಟೋ ಕೊಡು, ಎಂದು ಕೇಳಿದರು. ಕುಂದಾಪುರದಲ್ಲಿ ಪ್ರಿಂಟ್ ಹಾಕಿಸಿ, ಚೌಕಟ್ಟು ಕಟ್ಟಿಸಿ ಕೊಟ್ಟೆ. ಕೊಡುವಾಗ ಹೇಳೋಣ ಎಂದುಕೊಂಡಿದ್ದೆ, ಹೇಳಲಿಲ್ಲ.

ಅಂದಿನಿಂದ ಜನ ಹೆರಿಗೆಗೆ, ಆಸ್ಪತ್ರೆಗೆ ಪಕ್ಕದ ಕೇರಿಯ ಓಮ್ನಿಯನ್ನೇ ಕರೆಯತೊಡಗಿದರು. ಡ್ರೈವರಣ್ಣ ಮಾತ್ರ ಕಾರನ್ನು ದಿನಾ ಇಳಿಜಾರಿನಲ್ಲೇ ನಿಲ್ಲಿಸುತ್ತಿದ್ದರು. ಎರಡು ವರ್ಷ ಹಾಗೇ ನಿಲ್ಲಿಸಿ, ಕೊನೆಗೆ ಹಾಲಾಡಿಯ ಯಾರಿಗೋ ಮಾರಿದರು.

ಅವರು ತೀರಿಕೊಂಡಾಗ ನಾನು ಬೈಂದೂರಿನಲ್ಲಿದ್ದೆ. ಹದಿಮೂರನೆಯ ದಿನದ ಕಾರ್ಯ ಕಳೆದ ಮೇಲೆ ಮನೆಯವರನ್ನು ಮಾತಾಡಿಸಲು ಹೋದೆ. ಫೋಟೋ ಗೋಡೆಯ ಮೇಲೇ ಇತ್ತು. ಅವರ ಹೆಂಡತಿ ಚಾ ಕೊಟ್ಟು, ಅದನ್ನೇ ನೋಡುತ್ತ ಕೂತರು.

"ಲೈಟ್ ಎಷ್ಟ್ ಚೆಂದ ಬಿದ್ದಿತ್ ಅಲ್ದಾ? ಆ ಒಂದಿನ ಆರ್ಸುಕೆ ಮರ್ತ್ರ್ ಕಾಣಿ, ಆಮೇಲೆ ಯಾರೂ ಕರೀಲೇ ಇಲ್ಲ."

ಹೆಂಡತಿಗೂ ಅವರು ಹೇಳಿರಲಿಲ್ಲ. ನಾನು ಹೌದು ಅಕ್ಕ ಎಂದೆ, ಚಾ ಕುಡಿದು ಎದ್ದು ಬಂದೆ.

ಅಕ್ಕ, ಅವರು ಮರೆತಿರಲಿಲ್ಲ. ಎರಡು ಸಲ ಕೇಳಿದ್ದರು. ಆರಿಸಬೇಡಿ ಎಂದವನು ನಾನು.