ಮೂರನೆಯ ಸಲದ ಬಳೆ

ತೊಂಬತ್ತರ ದಶಕದ ಕೊನೆಯಲ್ಲಿ ವಿದೇಶಿ ಸಿನಿಮಾದವರನ್ನು ನಮ್ಮ ಜಿಲ್ಲೆಗೆ ಕರೆತರಬೇಕೆಂಬ ಹುಚ್ಚು ಹಾಸನದ ಸಾಹೇಬರೊಬ್ಬರಿಗೆ ಹಿಡಿಯಿತು. ಜಾಗ ನೋಡಲು ಇಬ್ಬರು ಬಂದರು: ಒಬ್ಬ ನಿರ್ದೇಶಕಿ, ಸಣ್ಣ ಕ್ಯಾಮೆರಾ ಹಿಡಿದ ಒಬ್ಬ ಗಂಡಸು. ಹೊಳೆನರಸೀಪುರದ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದ ನಾನು ದುಭಾಷಿ. ಸಿನಿಮಾ ಬಂದರೆ ಇಲ್ಲಿಯ ಉಸ್ತುವಾರಿ ನಿಮ್ಮದೇ ಎಂದು ಸಾಹೇಬರು ಹೇಳಿದ್ದರು. ಅಷ್ಟಕ್ಕೇ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ದೊಡ್ಡಗದ್ದವಳ್ಳಿಯ ಗುಡಿ ಅವರಿಗೆ ಹಿಡಿಸಿತು. ನಮ್ಮೂರ ಹೊಳೆದಂಡೆ ಇನ್ನೂ ಹಿಡಿಸಿತು. ಆಗ ನಿರ್ದೇಶಕಿ ಕೇಳಿದಳು: ಕಥೆಯಲ್ಲಿ ಗಂಡ ಸತ್ತವಳ ಬಳೆ ಒಡೆಯುವ ದೃಶ್ಯವಿದೆ, ನಾಳೆ ಇಲ್ಲೇ ಒಮ್ಮೆ ತೆಗೆದು ನೋಡಲು ಯಾರಾದರೂ ಹೆಂಗಸು ಸಿಗಬಹುದೇ? ಸಾಹೇಬರು ಧಾರಾಳವಾಗಿ ತಲೆಯಾಡಿಸಿ ನನ್ನ ಮುಖ ನೋಡಿದರು.

ಯಾವ ಮುತ್ತೈದೆ ಒಪ್ಪುತ್ತಾಳೆ? ನಮ್ಮಲ್ಲಿ ಬಳೆ ತಾನಾಗಿ ಒಡೆದರೂ ಒಡೆಯಿತು ಅನ್ನುವುದಿಲ್ಲ, ಹೆಚ್ಚಿತು ಅನ್ನುತ್ತೇವೆ. ಕೇಳಿದ ಮನೆಯವರೆಲ್ಲ ಮುಖದ ಮೇಲೆ ಬಾಗಿಲು ಹಾಕಿದರು. ಆಗ ನನಗೆ ನಮ್ಮಕ್ಕ ಹೊಳೆದಳು. ಮದುವೆಯಾದ ನಾಲ್ಕನೇ ವರ್ಷಕ್ಕೆ ಗಂಡ ತೀರಿಕೊಂಡು, ಅಂದಿನಿಂದ ನನ್ನ ಮನೆಯಲ್ಲಿ ಬೇಯಿಸಿ ಹಾಕುತ್ತಿದ್ದವಳು. ಕಳೆದುಕೊಳ್ಳಲು ಅವಳಿಗೆ ಇನ್ನೇನಿದೆ ಅಂದುಕೊಂಡೆ. ಥೂ, ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ.

ಅಕ್ಕನಿಗೆ ವಿಷಯ ಹೇಳಿದೆ. ಇದರಿಂದ ನಿನಗೆ ಒಳ್ಳೆಯದಾಗುತ್ತದಾ ಎಂದಷ್ಟೇ ಕೇಳಿದಳು. ಆಗುತ್ತದೆ ಎಂದೆ.

ಒಡೆಯಬೇಕಾದರೆ ಮೊದಲು ತೊಡಿಸಬೇಕಲ್ಲ. ಹಸಿರು ಗಾಜಿನ ಬಳೆ, ಮುಡಿಗೆ ಮಲ್ಲಿಗೆ, ಹಣೆಗೆ ಕುಂಕುಮ. ನನ್ನ ಹೆಂಡತಿ ಮುಟ್ಟಲೊಲ್ಲೆ ಎಂದು ಒಳಗೆ ಹೋದಳು. ನಾನೇ ತೊಡಿಸಿದೆ. ಅಕ್ಕ ಗೋಡೆಯ ಕನ್ನಡಿಯಲ್ಲಿ ನೋಡಿಕೊಂಡು ಸ್ವಲ್ಪ ನಕ್ಕಳು. ಎಷ್ಟು ಚೆನ್ನಾಗಿದ್ದಳು ನಮ್ಮಕ್ಕ.

ಹೊಳೆಯ ಮೆಟ್ಟಿಲಿಗೆ ಕೈ ಬಡಿದು ಬಳೆ ಒಡೆದುಕೊಂಡಳು, ಕುಂಕುಮ ಒರೆಸಿಕೊಂಡಳು. ಬಿಸಿಲು ಅಡ್ಡ ಬಂತೆಂದು ನಿರ್ದೇಶಕಿ ಇನ್ನೊಮ್ಮೆ ಕೇಳಿದಳು. ಮತ್ತೆ ಬಳೆ, ಮತ್ತೆ ಕುಂಕುಮ, ಮತ್ತೆ ಕಲ್ಲು. ಅಷ್ಟಕ್ಕೆ ಆಕೆ ಸಾಕೆಂದಳು. ನಾನು ಬಿಡಲಿಲ್ಲ. ನಮ್ಮ ಜನ ಎಷ್ಟು ಬೇಕಾದರೂ ಸಹಕರಿಸುತ್ತಾರೆ, ಇನ್ನೂ ಒಂದು ಸಲ ತೆಗೆದುಕೊಳ್ಳಿ ಎಂದು ಇಂಗ್ಲಿಷಿನಲ್ಲಿ ಒತ್ತಾಯ ಮಾಡಿದೆ. ಅಕ್ಕನಿಗೆ, ಅವರು ಇನ್ನೊಂದು ಸಲ ಕೇಳುತ್ತಿದ್ದಾರೆ ಎಂದೆ. ಆ ಸಲ ಗಾಜು ಮುಂಗೈಗೆ ಹೊಕ್ಕಿತು. ಸಾಹೇಬರು ನನ್ನ ಬೆನ್ನು ತಟ್ಟಿದರು.

ಎರಡು ತಿಂಗಳಿಗೆ ಕಾಗದ ಬಂತು. ಇಲ್ಲಿ ಒಂದು ಅನುಮತಿಗೆ ಹತ್ತು ಕಚೇರಿ ಸುತ್ತಬೇಕು, ಬೇರೆ ದೇಶದಲ್ಲಿ ಎಲ್ಲವೂ ಒಂದೇ ಕಡೆ ಸಿಗುತ್ತದೆ, ಅಲ್ಲಿಗೆ ಹೋಗುತ್ತಿದ್ದೇವೆ ಎಂದಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತು ಅಕ್ಕನಿಗೆ ಹೇಳಿದೆ. ಅವಳು ಮುದ್ದೆ ತಿರುವುತ್ತಿದ್ದಳು. ಕೋಲು ನಿಲ್ಲಿಸಲಿಲ್ಲ.

“ಎರಡ್ನೇ ಸಲ ಆದ್ಮೇಲೆ ಆಯಮ್ಮ ಸಾಕು ಅಂತ ಕೈಯಾಡ್ಸಿದ್ಲು, ನಾನ್ ನೋಡ್ದೆ,” ಎಂದಳು. “ಮೂರ್ನೇ ಸಲ ಒಡ್ಸಿದ್ದು ನೀನೇ ಕಣೋ.”

ಆಮೇಲೆ ತಟ್ಟೆ ಇಟ್ಟು ಊಟಕ್ಕೆ ಕರೆದಳು. ನಾನು ಹೋಗಿ ಕೂತು ಉಂಡೆ.