ಬಾಯಲ್ಲಿ ಮಾಡಿದ ಬುಸ್

ಅಪಾಯಕಾರಿ ಸರಕು ಸಾಗಿಸುವ ಚಾಲಕರಿಗೆ ತರಬೇತಿ ಕೊಡುತ್ತಿದ್ದ ಅವರನ್ನು ಎಲ್ಲರೂ ಪಿನ್ ಮೇಷ್ಟ್ರು ಎನ್ನುತ್ತಿದ್ದರು. ಸ್ವತಃ ಹಳೇ ಟ್ಯಾಂಕರ್ ಡ್ರೈವರ್. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿ ನಿಲ್ಲುವುದು, ಟ್ಯಾಂಕರ್ ಮೇಲಿನ ಎಚ್ಚರಿಕೆಯ ಫಲಕ ಓದುವುದು, ಎಲ್ಲವನ್ನೂ ನಗಿಸುತ್ತ ನಗಿಸುತ್ತ ತಲೆಗೆ ಹತ್ತಿಸುತ್ತಿದ್ದರು. ರಾತ್ರಿಯೆಲ್ಲ ಗಾಡಿ ಓಡಿಸಿ ಬಂದವರನ್ನು ಬೆಂಚಿನ ಮೇಲೆ ಕೂರಿಸಿ ಎಚ್ಚರವಾಗಿಡುವುದೇನು ಸಾಮಾನ್ಯವೇ?

ಕೊನೆಯ ದಿನ ಅಂಗಳದಲ್ಲಿ ಬೆಂಕಿ ಆರಿಸುವ ಸಿಲಿಂಡರಿನ ಪಾಠ. "ಮೊದ್ಲು ಪಿನ್ನು ಕೀಳ್ರಪ್ಪಾ, ಆಮೇಲೆ ಮೂತಿ ಬೆಂಕಿ ಬುಡಕ್ಕೆ, ಆಮೇಲೆ ಹಿಡಿ ಅದುಮಿ." ಸಿಲಿಂಡರ್ ಮಾತ್ರ ಖಾಲಿ. ತುಂಬಿದ್ದನ್ನು ಒಮ್ಮೆ ಅದುಮಿದರೆ ಮುಗಿಯಿತು, ಮತ್ತೆ ತುಂಬಿಸಲು ಕಚೇರಿಯವರ ಕೈಕಾಲು ಹಿಡಿಯಬೇಕು. ಒಳಗಿನ ಬಿಳಿ ಪುಡಿ ಹಾರಿ, ಅಂಗಳದಲ್ಲೇ ನಿಲ್ಲಿಸಿರುವ ಕಚೇರಿ ಸಾಹೇಬರ ಕಾರಿನ ಮೇಲೆ ಕೂತರೆ ಅದಕ್ಕೂ ಮಾತು ಕೇಳಬೇಕು. ಯಾರಿಗೆ ಬೇಕು ಈ ತಲೆನೋವು ಎಂದು ಮೇಷ್ಟ್ರು ಒಂದು ಉಪಾಯ ಕಂಡುಕೊಂಡಿದ್ದರು: ಹಿಡಿ ಅದುಮಿದವನು ಬಾಯಲ್ಲೇ 'ಬುಸ್' ಎನ್ನಬೇಕು. ದಪ್ಪ ಮೀಸೆಯ ಗಂಡಸರು ಸಾಲಾಗಿ ಬುಸ್ ಬುಸ್ ಎನ್ನುವುದನ್ನು ನೋಡಿ ಅಂಗಳವೇ ಬಿದ್ದು ಬಿದ್ದು ನಗುತ್ತಿತ್ತು. ಎಲ್ಲರಿಗೂ ಪ್ರಮಾಣಪತ್ರ ಸಿಗುತ್ತಿತ್ತು.

ಅವರಲ್ಲಿ ಒಬ್ಬ ಎತ್ತರದ ಡ್ರೈವರ್ ಮೇಷ್ಟ್ರಿಗೆ ಅಚ್ಚುಮೆಚ್ಚು. ಅವನ ಬುಸ್‌ಗೆ ಚಪ್ಪಾಳೆಯೂ ಬಿದ್ದಿತ್ತು. ಒಂದು ಮಧ್ಯಾಹ್ನ ಇಳಿಜಾರಿನಲ್ಲಿ, ಬಣ್ಣಕ್ಕೆ ಬೆರೆಸುವ ಥಿನ್ನರ್ ತುಂಬಿದ್ದ ಅವನ ಟ್ಯಾಂಕರಿನ ಬ್ರೇಕ್ ಕಾದು ಹಿಂದಿನ ಟೈರಿಗೆ ಬೆಂಕಿ ಹತ್ತಿತು. ಹೇಳಿಕೊಟ್ಟಂತೆಯೇ ಪಿನ್ನು ಕಿತ್ತ, ಬುಡಕ್ಕೆ ಹಿಡಿದ, ಅದುಮಿದ. ಕೈಯಲ್ಲಿ ಏನೋ ಅಬ್ಬರಿಸಿ ಒದ್ದಂತಾಯಿತು, ಕಣ್ಣೆದುರೆಲ್ಲ ಬೆಳ್ಳಗಾಯಿತು. ಸಿಲಿಂಡರೇ ಸಿಡಿಯಿತು ಎಂದುಕೊಂಡು ಅದನ್ನು ಬಿಸಾಕಿ ಓಡಿದ. ಸ್ವಲ್ಪ ದೂರ ಹೋದವನು ಮನಸ್ಸು ತಡೆಯದೆ ಹಿಂದಿರುಗಿ ಬರಿಗೈಯಲ್ಲಿ ಮಣ್ಣು ಬಾಚಿ ಎರಚಿದ. ಹಿಂದೆ ಬಂದ ಲಾರಿಯವರು ಬೆಂಕಿ ಆರಿಸಿದರು. ಟ್ಯಾಂಕರ್ ಉಳಿಯಿತು, ಅವನ ಬೆರಳುಗಳು ಸುಟ್ಟು ಸ್ಟೇರಿಂಗ್ ಹಿಡಿಯಲಾರದಷ್ಟು ಮುರುಟಿಹೋದವು.

ಅವನು ಸಿಲಿಂಡರ್ ಬಿಸಾಕಿ ಓಡಿದನಂತೆ ಎಂಬ ಸುದ್ದಿ ಕೇಳಿ ಮೇಷ್ಟ್ರು ಊಟದ ತಟ್ಟೆ ಸರಿಸಿ ಎದ್ದರು. "ಬೆಂಕಿ ಹಚ್ಚಿದ್ದು ನೀವಲ್ವಲ್ಲ, ಬಿಡೀಂದ್ರೆ" ಎಂದರು ಹೆಂಡತಿ. ಬಿಡುವುದು ಹೇಗೆ? ತಾನು ಉಳಿಸಿದ ಒಂದಿಷ್ಟು ಪುಡಿ ಒಬ್ಬನ ಅನ್ನಕ್ಕೆ ಕಲ್ಲು ಹಾಕಿತಲ್ಲ ಎಂಬ ಸಂಕಟ. ಆಸ್ಪತ್ರೆಯ ಬಾಗಿಲವರೆಗೆ ಹೋಗಿ, ಯಾವ ಮುಖ ಇಟ್ಟುಕೊಂಡು ನೋಡಲಿ ಎಂದು ವಾಪಸು ಬಂದರು.

ಕೊನೆಗೆ ಅವನೇ ಬಂದ, ತಮ್ಮನನ್ನು ಕರೆದುಕೊಂಡು. "ಇವ್ನೂ ಟ್ಯಾಂಕರ್ ಓಡಿಸ್ತಾನಂತೆ ಮೇಷ್ಟ್ರೇ. ನಿಮ್ ಹತ್ರಾನೇ ಕಲೀಲಿ ಅಂತ ಕರ್ಕೊಂಡ್ ಬಂದೆ."

ಅವನು ಬೈದಿದ್ದರೆ ಮೇಷ್ಟ್ರಿಗೆ ಎಷ್ಟೋ ಹಗುರವಾಗುತ್ತಿತ್ತು.

ಪಾಠದ ಕೊನೆಯ ದಿನ ಮೇಷ್ಟ್ರು ಯಾರನ್ನೂ ಕೇಳದೆ, ಕಚೇರಿಯ ಗೋಡೆಗೆ ತೂಗುಹಾಕಿದ್ದ ತುಂಬಿದ ಸಿಲಿಂಡರನ್ನೇ ಇಳಿಸಿ ತಂದರು. ಕಬ್ಬಿಣದ ಬಾಣಲೆಯಲ್ಲಿ ಡೀಸೆಲ್ ಸುರಿದು ಬೆಂಕಿ ಹಚ್ಚಿದರು. ತಮ್ಮ ಅದುಮಿದ. ಅಬ್ಬರಕ್ಕೆ ಬೆಚ್ಚಿ ಹಿಂದೆ ಸರಿದವನ ಬೆನ್ನಿಗೆ ಮೇಷ್ಟ್ರು ಕೈ ಆನಿಸಿದರು. "ಬಿಡ್ಬೇಡ ಕಣೋ, ಅದು ಹಾಗೇ ಕೂಗೋದು." ನೋಡನೋಡುತ್ತಿದ್ದಂತೆ ಬೆಂಕಿ ಆರಿತು. ಸಾಹೇಬರ ಕಾರು ಬೆಳ್ಳಗಾಯಿತು.

ಗೇಟಿನ ಹತ್ತಿರ ನಿಂತಿದ್ದ ಅಣ್ಣ ನಿಧಾನವಾಗಿ ಬಂದು, ಮುರುಟಿದ ಕೈಯಿಂದ ಆ ಸಿಲಿಂಡರನ್ನು ಮುಟ್ಟಿ ನೋಡಿದ.

"ಇಷ್ಟೇನಾ ಮೇಷ್ಟ್ರೇ? ಎಲ್ರೂ ನನ್ನ ಪುಕ್ಕಲ ಅಂದ್ರು. ನಾನೂ ಹೌದು ಅಂದ್ಕೊಂಡಿದ್ದೆ." ಅವನ ದನಿಯಲ್ಲಿ ಕೋಪವಿರಲಿಲ್ಲ. "ಅವತ್ತು ಪಾಠದಲ್ಲೇ ಒಂದ್ಸಲ ಈ ಸದ್ದು ಕೇಳಿಸಿದ್ರೆ ಸಾಕಿತ್ತು."

ಕಾರು ಒರೆಸಲೆಂದು ಬಟ್ಟೆ ಹಿಡಿದುಕೊಂಡಿದ್ದ ಮೇಷ್ಟ್ರು ಮೊದಲು ಅವನ ಬೆರಳಿಗೆ ಅಂಟಿದ್ದ ಪುಡಿ ಒರೆಸಿದರು.