ಕೊನೆಯ ನಲ್ಲಿಗೂ ನೀರು

ಅವರ ಅಂಗಿಯ ಬಲಭುಜದ ಮೇಲೆ ಸದಾ ತುಕ್ಕಿನ ಕಂದು ಗೆರೆಯೊಂದು ಇರುತ್ತಿತ್ತು. ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಸಲಾಕೆಯನ್ನು ಹೆಗಲಿಗೇರಿಸಿ ನಡೆದು ಉಳಿದ ಗುರುತು. ಎಷ್ಟು ಒಗೆದರೂ ಹೋಗುತ್ತಿರಲಿಲ್ಲವಂತೆ. ಅಕ್ಕೂರಿನ ಮಗ್ಗುಲಿನ ನಮ್ಮ ಊರಿಗೆ ಅವರು ನೀರುಗಂಟಿ. ಕೊಳವೆಬಾವಿಯ ನೀರನ್ನು ಸರದಿಯಂತೆ ಬೀದಿಬೀದಿಗೆ ಬಿಡುವ ಕೆಲಸ. ಈ ಊರಿಗೆ ಸೊಸೆಯಾಗಿ ಬಂದಾಗಿನಿಂದ ನಾನು ಅವರನ್ನು ಅಣ್ಣ ಎಂದೇ ಕರೆದೆ.

ದಾರಿಯಲ್ಲಿ ತೊಟ್ಟಿಕ್ಕುವ ನಲ್ಲಿ ಕಂಡರೆ ಅಣ್ಣ ಸುಮ್ಮನೆ ಮುಂದೆ ಹೋಗುತ್ತಿರಲಿಲ್ಲ. ಜೇಬಿನಿಂದ ಸೈಕಲ್ ಟ್ಯೂಬಿನ ಚೂರು ತೆಗೆದು ಬಿಗಿಯಾಗಿ ಸುತ್ತುವರು. "ಭೂಮ್ತಾಯಿ ಹೊಟ್ಟೆಯಿಂದ ಕಿತ್ಕಂಡ್ ಬಂದಿರೋದು ಕಣವ್ವ, ಚರಂಡಿಗ್ ಬುಡಕಾಯ್ತದಾ?" ಎನ್ನುವರು.

ನಮ್ಮದು ಮೇಲಿನ ಬೀದಿ. ಹಿಪ್ಪುನೇರಳೆ ತೋಟ, ರೇಷ್ಮೆಹುಳು ಸಾಕುವ ಮನೆ, ಕೊಟ್ಟಿಗೆ ತುಂಬ ದನ. ನಲ್ಲಿಯ ಪೈಪಿಗೇ ಮೋಟರು ಜೋಡಿಸಿ ನೀರೆಳೆಯುವುದು ನಮ್ಮ ಬೀದಿಯಲ್ಲಿ ಯಾರಿಗೂ ತಪ್ಪೆನಿಸಿರಲಿಲ್ಲ. ನನಗೂ.

ಒಂದು ಬೇಸಿಗೆಯ ಬೆಳಿಗ್ಗೆ ಅಣ್ಣ ಬಾಗಿಲಲ್ಲಿ ನಿಂತರು. "ಎಲ್ಲಾರ್ಗೂ ಯೋಳಿ ಯೋಳಿ ಸಾಕಾಯ್ತು. ನೀನೊಸಿ ಕೆಳಗಿನ್ ಬೀದಿಗೆ ಬಾರವ್ವ."

ಹೋದೆ. ಕೊನೆಯ ನಲ್ಲಿಯ ಮುಂದೆ ಬಿಂದಿಗೆಗಳ ಸಾಲು. ನೀರು ದಾರದಷ್ಟು ಸಣ್ಣಗೆ ಬೀಳುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೂ ನಿಂತಿತು. ಮೇಲೆ ನಮ್ಮ ಬೀದಿಯವರು ಮೋಟರು ಹಾಕುವ ಹೊತ್ತು ಅದು. ದಿನವೂ ನಮ್ಮ ಮನೆಯ ಸ್ವಿಚ್ ಹಾಕುತ್ತಿದ್ದವಳು ನಾನೇ. ನಮ್ಮ ಹುಳುಗಳಿಗೆ ಸೊಪ್ಪು ಹಾಕುವ ಹೆಂಗಸು, ನನ್ನ ಮಗನನ್ನು ಎತ್ತಿ ಆಡಿಸಿದವಳು, ಅರ್ಧ ತುಂಬಿದ ಬಿಂದಿಗೆ ಎತ್ತಿಕೊಂಡು ನನ್ನ ಮುಖ ನೋಡದೆ ಹೊರಟಳು.

ಮನೆಗೆ ಬಂದವಳೇ ಮೋಟರಿನ ವೈರು ಕಿತ್ತೆ. "ಊರ್ ಉದ್ಧಾರ ಮಾಡಕ್ ಬಂದ್ಬುಟ್ಳು! ದನಕ್ ಏನ್ ಕುಡುಸ್ತೀಯೇ?" ಎಂದು ಅತ್ತೆ ಕೂಗಾಡಿದರು. ಹಿಂದೆಯೇ ಬಂದ ಅಣ್ಣ ಅಂಗಳದಲ್ಲಿ ನಿಂತು, "ನನ್ನ ಬಯ್ಯಕ್ಕಾ, ಆ ಮಗೀನ ಬಯ್ಬೇಡ. ಒಂದ್ ವಾರ ಮೋಟ್ರು ಬ್ಯಾಡ. ನಿಮ್ ದನ ಬಾಯಾರುದ್ರೆ ನಾನೇ ನೀರ್ ಹೊತ್ ಹಾಕ್ತೀನಿ" ಎಂದರು.

ಹೊರಬೇಕಾಗಲಿಲ್ಲ. ನಮ್ಮ ತೊಟ್ಟಿ ನಿಧಾನವಾಗಿಯಾದರೂ ತುಂಬಿತು. ಅತ್ತೆ ನನ್ನೊಡನೆ ಮಾತು ಬಿಟ್ಟಿದ್ದರು, ಆದರೆ ವೈರನ್ನು ಮತ್ತೆ ಜೋಡಿಸಲಿಲ್ಲ. ಪಕ್ಕದ ಮನೆಯವರು ನೋಡಿದರು, ಅದರಾಚೆಯವರೂ ನೋಡಿದರು. ಮಳೆಗಾಲದ ಹೊತ್ತಿಗೆ ಇಡೀ ಬೀದಿಯಲ್ಲಿ ಎರಡೇ ಮೋಟರು ಉಳಿದಿದ್ದವು. ಆ ಮಳೆಯಲ್ಲಿ ಅಣ್ಣ ತಾವೇ ನಿಂತು, ನಮ್ಮ ಮಾಳಿಗೆಯ ಮಳೆನೀರು ಹಿತ್ತಲಿನ ಬತ್ತಿದ ಕೊಳವೆಬಾವಿಯ ಪಕ್ಕ ತೋಡಿಸಿದ ಇಂಗುಗುಂಡಿಗೆ ಇಳಿಯುವಂತೆ ಮಾಡಿದರು. "ಕುಡ್ದಿದ್ದು ಸಾಕು, ಒಸಿ ವಾಪಸ್ಸೂ ಕೊಡವಾ" ಎಂದು ನಕ್ಕರು.

ಹೋದ ವರ್ಷ ಅಣ್ಣ ತೀರಿಕೊಂಡರು. ಎರಡೂ ಬೀದಿಯವರು ಒಟ್ಟಿಗೆ ನಿಂತು ಮಣ್ಣು ಮಾಡಿದೆವು. ಅವರಿಲ್ಲದೆ ಎಲ್ಲ ಮೊದಲಿನಂತೆಯೇ ಆಗಿಬಿಡುತ್ತದೆಂದು ನನಗೆ ಭಯವಿತ್ತು. ಮೊನ್ನೆ ಎದುರಿನ ಹೊಸ ಮನೆಯವರು ನಲ್ಲಿಗೆ ಮೋಟರು ಕೂಡಿಸುತ್ತಿದ್ದರು. ನಾನು ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬರುವಷ್ಟರಲ್ಲಿ ಅತ್ತೆ ಕೋಲೂರಿಕೊಂಡು ಅವರ ಗೇಟಿನ ಮುಂದೆ ನಿಂತಿದ್ದರು.

"ಅದುನ್ನ ಕಿತ್ತಾಕಪ್ಪ. ಕೆಳಗೂ ಜನ ಅವ್ರೆ."